ಬಿಟ್‌ಕಾಯಿನ್ ನೆಟ್‌ವರ್ಕ್ ನಿಂತಿದೆಯಾ? ನೀವೇ ಪರೀಕ್ಷಿಸಿ

ಬಿಟ್‌ಕಾಯಿನ್ ಬೆಲೆ ಬಿದ್ದ ದಿನ ನನ್ನ ಭಾವಮೈದುನನ ಫೋನ್ ಬಂದೇ ಬರುತ್ತದೆ. "ಭಾವ, ನೆಟ್‌ವರ್ಕ್ ಡೌನ್ ಆಗಿದೆಯಂತೆ, ನಿಜಾನಾ?" ಅವನ ಹಣ ಯಾವುದೋ ಆ್ಯಪಿನಲ್ಲಿ ಸಿಕ್ಕಿಕೊಂಡಿರುತ್ತದೆ, ಆ್ಯಪಿನವರು ನೆಟ್‌ವರ್ಕಿನ ಮೇಲೆ ಹಾಕಿ ಕೈತೊಳೆದುಕೊಂಡಿರುತ್ತಾರೆ. ಇಂಥ ಮಾತನ್ನು ನಂಬುವ ಮೊದಲು ನೋಡಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ. ಕೊಳ್ಳಿ, ಮಾರಿ ಎಂದು ಹೇಳುವುದು ನನ್ನ ಕೆಲಸ ಅಲ್ಲ.

ನಾನು ಬಳಸುವುದು ಬಿಟ್‌ಕಾಯಿನ್ ಕೋರ್, ನೆಟ್‌ವರ್ಕನ್ನು ನೇರವಾಗಿ ಸೇರಿಕೊಂಡು ಎಲ್ಲವನ್ನೂ ತಾನೇ ಪರೀಕ್ಷಿಸುವ ಸಾಫ್ಟ್‌ವೇರ್. ಮೈಸೂರಿನ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುತ್ತಿದೆ. ಪೂರ್ತಿ ಚೈನ್ (ಇದುವರೆಗಿನ ವಹಿವಾಟುಗಳ ಕಟ್ಟುಗಳಾದ ಬ್ಲಾಕುಗಳ ಸರಪಳಿ) ಇಟ್ಟುಕೊಳ್ಳಲು 600 ಜಿಬಿಗಿಂತ ಜಾಸ್ತಿ ಜಾಗ ಬೇಕು. ಪ್ರೂನ್ ಎಂಬ ಆಯ್ಕೆ ಹಾಕಿದರೆ ಹಳೆಯ ಬ್ಲಾಕುಗಳನ್ನು ಅಳಿಸುತ್ತಾ ಹೋಗುತ್ತದೆ, ಹತ್ತಿಪ್ಪತ್ತು ಜಿಬಿಯಲ್ಲೇ ಕೆಲಸ ಮುಗಿಯುತ್ತದೆ. ಆದರೆ ಮೊದಲ ಸಲ ಎಲ್ಲವನ್ನೂ ಇಳಿಸಿಕೊಳ್ಳಲೇಬೇಕು. ಮೊಬೈಲ್ ಡೇಟಾದಲ್ಲಿ ಈ ಸಾಹಸ ಬೇಡ.

ಬಿಟ್‌ಕಾಯಿನ್ ಕೋರಿನ ವಿಂಡೋ ಮೆನುವಿನಲ್ಲಿ ಕನ್ಸೋಲ್ (ಆಜ್ಞೆ ಬರೆಯುವ ಜಾಗ) ತೆರೆಯಿರಿ. ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು, ಎಲ್ಲ ಸಣ್ಣಕ್ಷರ, ಪದಗಳ ನಡುವೆ ಜಾಗ ಬಿಡಬಾರದು.

ಮೊದಲು 'ಗೆಟ್‌ಬ್ಲಾಕ್‌ಚೈನ್‌ಇನ್ಫೋ'. ಬರುವ ಉತ್ತರದಲ್ಲಿ 'ಬ್ಲಾಕ್ಸ್' ಮತ್ತು 'ಹೆಡರ್ಸ್' ಎರಡೂ ಒಂದೇ ಅಂಕಿ ಇರಬೇಕು. 'ಇನಿಷಿಯಲ್‌ಬ್ಲಾಕ್‌ಡೌನ್‌ಲೋಡ್' ಮುಂದೆ 'ಫಾಲ್ಸ್' ಇರಬೇಕು. 'ವಾರ್ನಿಂಗ್ಸ್' ಖಾಲಿ ಇರಬೇಕು. ಇವು ಸರಿ ಇಲ್ಲದಿದ್ದರೆ ಹಿಂದೆ ಬಿದ್ದಿರುವುದು ನಿಮ್ಮ ಕಂಪ್ಯೂಟರ್, ಜಗತ್ತಲ್ಲ. ಹಾಗೇ 'ಗೆಟ್‌ನೆಟ್‌ವರ್ಕ್‌ಇನ್ಫೋ' ಕೊಟ್ಟು ಹೊರಗೆ ಹೋಗುವ ಸಂಪರ್ಕ ಎಷ್ಟಿವೆ ನೋಡಿ. ಸಾಮಾನ್ಯವಾಗಿ 10 ಇರುತ್ತವೆ. ಸೊನ್ನೆ ಇದ್ದರೆ ರೌಟರ್ ಕಡೆ ಹೋಗಿ.

ಇನ್ನು ಜನ ಸುಮ್ನೆ ಗಾಬರಿಯಾಗುವ ವಿಷಯ: ಕೊನೆಯ ಬ್ಲಾಕ್ ಬಂದು ಎಷ್ಟು ಹೊತ್ತಾಯಿತು? 'ಹತ್ತು ನಿಮಿಷಕ್ಕೊಂದು' ಎನ್ನುವುದು ಸರಾಸರಿ ಅಷ್ಟೇ. ಬ್ಲಾಕ್ ಸಿಗುವುದು ದಾಳ ಉರುಳಿಸಿದ ಹಾಗೆ, ಹಿಂದೆ ಎಷ್ಟು ಕಾದಿರಿ ಎನ್ನುವುದಕ್ಕೆ ಲೆಕ್ಕವಿಲ್ಲ. ಎಲ್ಲ ಸರಿಯಾಗಿದ್ದಾಗಲೂ ಅರ್ಧ ಗಂಟೆ ಮೀರಿದ ಅಂತರ ದಿನಕ್ಕೆ ಏಳು ಸಲ ಬರಬಹುದು. ಒಂದು ಗಂಟೆ ಮೀರಿದ್ದು ಸುಮಾರು ಮೂರು ದಿನಕ್ಕೊಮ್ಮೆ. ಹಾಗಾಗಿ ನಲವತ್ತು ನಿಮಿಷ ಬ್ಲಾಕ್ ಬರಲಿಲ್ಲ ಎಂದು ಯಾರಾದರೂ ಕೂಗಿದರೆ ನಾನು ಕಾಫಿ ಕುಡಿಯಲು ಹೋಗುತ್ತೇನೆ.

ಹ್ಯಾಶ್‌ರೇಟ್ (ಹೊಸ ಬ್ಲಾಕ್ ಹುಡುಕುವ ಗಣಿಗಾರರ ಯಂತ್ರಗಳ ಒಟ್ಟು ವೇಗ) ಸುದ್ದಿಯೂ ಹೀಗೇ. ಅದನ್ನು ಯಾರೂ ಮೀಟರ್ ಹಾಕಿ ಅಳೆಯುವುದಿಲ್ಲ. ಬ್ಲಾಕುಗಳು ಎಷ್ಟು ಬೇಗ ಬಂದವು, ಅವುಗಳ ಡಿಫಿಕಲ್ಟಿ (ಬ್ಲಾಕ್ ಹುಡುಕುವ ಕಷ್ಟದ ಮಟ್ಟ) ಎಷ್ಟು ಎಂಬುದರಿಂದ ಊಹಿಸುತ್ತಾರೆ. ದಿನಕ್ಕೆ ಸುಮಾರು 144 ಬ್ಲಾಕ್. ಅಷ್ಟರಲ್ಲಿ ಶೇ 8ರಷ್ಟು ಏರಿಳಿತ ಬರೀ ಅದೃಷ್ಟದಿಂದಲೇ ಬರುತ್ತದೆ. ಅದಕ್ಕೇ 'ಗೆಟ್‌ನೆಟ್‌ವರ್ಕ್‌ಹ್ಯಾಶ್‌ಪಿಎಸ್' ಕೊಡುವಾಗ ಮುಂದೆ ಒಂದು ಜಾಗ ಬಿಟ್ಟು 2016 ಎಂದು ಸೇರಿಸಿ. ಆಗ ಸುಮಾರು ಎರಡು ವಾರದ ಸರಾಸರಿ ಸಿಗುತ್ತದೆ. ನಿಜವಾದ ಕುಸಿತ ಹೇಗಿರುತ್ತದೆ ಅಂದರೆ, 2021ರಲ್ಲಿ ಚೀನಾ ಗಣಿಗಾರಿಕೆಯನ್ನು ಮುಚ್ಚಿಸಿದಾಗ ಆದ ಹಾಗೆ. ಬ್ಲಾಕುಗಳು ವಾರಗಟ್ಟಲೆ ನಿಧಾನವಾದವು. ಪ್ರತಿ 2016 ಬ್ಲಾಕಿಗೊಮ್ಮೆ ಡಿಫಿಕಲ್ಟಿ ತಾನಾಗಿ ಬದಲಾಗುತ್ತದೆ ಅಲ್ವಾ, ಆ ವರ್ಷ ಜುಲೈ 3ರಂದು ಅದು ಒಮ್ಮೆಗೇ ಸುಮಾರು ಶೇ 28 ಇಳಿಯಿತು. ವೇಗ ಮತ್ತೆ ದಾರಿಗೆ ಬಂತು.

ನಾನು ನಿಜಕ್ಕೂ ಗಮನ ಕೊಡುವುದು 'ಗೆಟ್‌ಚೈನ್‌ಟಿಪ್ಸ್' ಉತ್ತರಕ್ಕೆ. ಚೈನ್ ಎಲ್ಲೆಲ್ಲಿ ಕವಲೊಡೆದಿದೆ ಎಂದು ಅದು ಹೇಳುತ್ತದೆ. 'ಆ್ಯಕ್ಟಿವ್' ಎಂದಿರುವುದು ನಮ್ಮ ಮುಖ್ಯ ಚೈನ್. ಉಳಿದ ಕವಲುಗಳ ಮುಂದೆ 'ಬ್ರಾಂಚ್‌ಲೆನ್' (ಕವಲಿನಲ್ಲಿ ಎಷ್ಟು ಬ್ಲಾಕ್) 1 ಇದ್ದರೆ ಚಿಂತೆ ಬೇಡ, ಇಬ್ಬರು ಗಣಿಗಾರರಿಗೆ ಹೆಚ್ಚುಕಡಿಮೆ ಒಟ್ಟಿಗೇ ಬ್ಲಾಕ್ ಸಿಕ್ಕಿದೆ ಅಷ್ಟೇ. 2 ಅಪರೂಪ. ಇತ್ತೀಚಿನ ಕವಲಿನಲ್ಲಿ 3 ಅಥವಾ ಜಾಸ್ತಿ ಕಂಡರೆ ದೊಡ್ಡ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಕಾಯಿರಿ. 2013ರ ಮಾರ್ಚ್‌ನಲ್ಲಿ ಹೀಗೇ ಆಗಿತ್ತು. ಬಿಟ್‌ಕಾಯಿನ್ ಸಾಫ್ಟ್‌ವೇರಿನ 0.8 ಆವೃತ್ತಿ ಒಪ್ಪಿದ ಒಂದು ಬ್ಲಾಕನ್ನು 0.7 ಒಪ್ಪಲಿಲ್ಲ, ಹಳೆಯ ಆವೃತ್ತಿಯ ಡೇಟಾಬೇಸ್ ಮಿತಿ ಅದಕ್ಕೆ ಕಾರಣ. ಗಂಟೆಗಟ್ಟಲೆ ಎರಡು ಚೈನ್ ಓಡಿದವು. ಕೊನೆಗೆ ಗಣಿಗಾರರು 0.7ಕ್ಕೆ ಹಿಂದಿರುಗಿದ ಮೇಲೆ ಒಂದಾಯಿತು. ಅಂಥ ಹೊತ್ತಿನಲ್ಲಿ ಒಂದೆರಡು ಕನ್ಫರ್ಮೇಶನ್ (ವಹಿವಾಟು ಸೇರಿದ ಬ್ಲಾಕ್ ಮತ್ತು ಅದರ ಮೇಲೆ ಬಂದ ಬ್ಲಾಕುಗಳ ಎಣಿಕೆ) ನಂಬಿ ಸರಕು ಕೊಟ್ಟವನಿಗೆ ನಷ್ಟವಾಗಬಹುದು.

ಹಣ ನಿಧಾನವಾಗುವುದು ಹೆಚ್ಚಾಗಿ ಮೆಂಪೂಲ್ (ಬ್ಲಾಕ್ ಸೇರಲು ಕಾಯುತ್ತಿರುವ ವಹಿವಾಟುಗಳ ಸಾಲು) ತುಂಬಿದಾಗ. 'ಗೆಟ್‌ಮೆಂಪೂಲ್‌ಇನ್ಫೋ' ಕೊಡಿ. ಮಿತಿ 300 ಎಂಬಿ, ಅದನ್ನು ಮುಟ್ಟಿದರೆ ಕಡಿಮೆ ಶುಲ್ಕದ ವಹಿವಾಟುಗಳನ್ನು ನಿಮ್ಮ ಕಂಪ್ಯೂಟರ್ ಹೊರಹಾಕುತ್ತದೆ. ಶುಲ್ಕ ಎಷ್ಟಿಡಬೇಕು ಎಂದು ತಿಳಿಯಲು 'ಎಸ್ಟಿಮೇಟ್‌ಸ್ಮಾರ್ಟ್‌ಫೀ' ಬರೆದು ಜಾಗ ಬಿಟ್ಟು 6 ಕೊಡಿ, ಅಂದರೆ ಆರು ಬ್ಲಾಕಿನೊಳಗೆ ಸೇರಬೇಕು ಎಂದು. ಬಂದ ಅಂಕಿಯನ್ನು ಒಂದು ಲಕ್ಷದಿಂದ ಗುಣಿಸಿದರೆ ವಿ-ಬೈಟಿಗೆ (ವಹಿವಾಟಿನ ಗಾತ್ರದ ಅಳತೆ) ಎಷ್ಟು ಸಟೋಶಿ (ಬಿಟ್‌ಕಾಯಿನ್ನಿನ ಅತಿ ಸಣ್ಣ ಭಾಗ) ಎಂಬುದು ಸಿಗುತ್ತದೆ. 0.00005 ಬಂದರೆ 5 ಸಟೋಶಿ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಮೆಂಪೂಲ್ ಡಾಟ್ ಸ್ಪೇಸ್ ಎಂಬ ವೆಬ್‌ಸೈಟ್ ಇದೆ. ಇದೇ ವಿವರಗಳನ್ನು ಚಿತ್ರವಾಗಿ ತೋರಿಸುತ್ತದೆ. ಬೇರೆಯವರ ಕಂಪ್ಯೂಟರಿನ ಮಾತು ನಂಬುತ್ತಿದ್ದೀರಿ ಎನ್ನುವುದು ನೆನಪಿರಲಿ. ಗಣಿಗಾರಿಕೆ ಪೂಲುಗಳ (ಗಣಿಗಾರರು ಒಟ್ಟಾಗಿ ದುಡಿಯುವ ಗುಂಪುಗಳ) ಪಾಲು ನೋಡಲು ಮಾತ್ರ ನಾನೂ ಅಲ್ಲಿಗೇ ಹೋಗುತ್ತೇನೆ, ಒಂದು ದಿನದ್ದು ಬಿಟ್ಟು ಒಂದು ವಾರದ್ದು ನೋಡುತ್ತೇನೆ. ಯಾವುದೇ ಒಂದು ಪೂಲ್ ಅರ್ಧದ ಹತ್ತಿರ ಬಂದರೆ ಅದು ನಿಜವಾದ ಸುದ್ದಿ. 2014ರಲ್ಲಿ ಜಿಹ್ಯಾಶ್ ಎಂಬ ಪೂಲ್ ಹಾಗೆ ಬಂದಾಗ ದೊಡ್ಡ ಗದ್ದಲವೇ ಆಗಿತ್ತು.

ಆ್ಯಪಿನವರು ನೆಟ್‌ವರ್ಕ್ ಎಂದರೆ ಒಂದೇ ಪ್ರಶ್ನೆ ಕೇಳಿ: ಟ್ರಾನ್ಸಾಕ್ಷನ್ ಐಡಿ ಎಲ್ಲಿ? ಕೊಟ್ಟರೆ ಮೆಂಪೂಲ್ ಡಾಟ್ ಸ್ಪೇಸಿನಲ್ಲಿ ಹುಡುಕಿ. ಅಲ್ಲಿ ಕಾದು ಕೂತಿದ್ದರೆ ಅವರು ಇಟ್ಟ ಶುಲ್ಕ ಸಾಲದೇ ಇರಬಹುದು. ಐಡಿಯೇ ಇಲ್ಲ ಅಂದರೆ ಹಣ ಅವರ ಬಾಗಿಲನ್ನೇ ದಾಟಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಇದೆ. ಕೊನೆಯ ಬ್ಲಾಕ್ ಬಂದು 90 ನಿಮಿಷ ಮೀರಿದರೆ ಬೀಪ್ ಮಾಡುತ್ತದೆ. ಲೆಕ್ಕದ ಪ್ರಕಾರ ಎರಡು ತಿಂಗಳಿಗೊಮ್ಮೆ ಹೊಡೆದರೆ ಸಹಜ. ಫೋನಿಗೆ ಮೆಸೇಜ್ ಬರುವಂತೆ ಮಾಡಿಲ್ಲ. ಅದಕ್ಕಿಂತ ಮೊದಲೇ ಹೊಡೆದುಕೊಂಡಾಗ ಕೆಟ್ಟಿರುವುದು ಹೆಚ್ಚಾಗಿ ನಮ್ಮ ಮನೆಯ ಇಂಟರ್ನೆಟ್, ಮೆಸೇಜ್ ಹೊರಗೆ ಹೋಗುವುದೇ ಇಲ್ಲ.