ಮಕ್ಕಳೇ ಕೈ ಎತ್ತಿದಾಗ ಮನೆಯವರು ಮಾಡಬೇಕಾದದ್ದು

ಹದಿಮೂರು ಹದಿನಾಲ್ಕರ ಮಕ್ಕಳು ಎದುರುತ್ತರ ಕೊಡುವುದು, ಬಾಗಿಲು ಧಡಾರನೆ ಹಾಕುವುದು ವಯಸ್ಸಿನ ಸಿಟ್ಟು. ರೊಕ್ಕಕ್ಕಾಗಿ ಬೆದರಿಸುವುದು, ಸಾಮಾನು ಒಡೆಯುವುದು, ಅವ್ವನನ್ನು ನೂಕುವುದು ಬೇರೆ ಮಾತು. ಬಾಯಿ ಬಿಡುವ ಮುಂಚೆ ನೀವು ಮಗನ ಮುಖ ನೋಡುವಂತಾಗಿದ್ದರೆ ಅದು ದೌರ್ಜನ್ಯವೇ. ‘ಲಗ್ನ ಮಾಡ್ರಿ, ಸರಿ ಹೋಗ್ತಾನ’ ಎನ್ನುವವರ ಮಾತು ಕೇಳಬೇಡಿ. ಅವ್ವನ ಬದಲು ಹೆಂಡತಿ ಏಟು ತಿನ್ನುತ್ತಾಳೆ, ಅಷ್ಟೇ.

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಯಿತು, ಕೂಗಾಡಿದ ಮೇಲೆ ಅವನಿಗೆ ಏನು ಸಿಕ್ಕಿತು. ಕೊನೆಯದೇ ಮುಖ್ಯ. ಬಹಳ ಮನೆಗಳಲ್ಲಿ ಅಲ್ಲಿ ‘ನೂರು ರೂಪಾಯಿ’, ‘ಮೊಬೈಲ್’ ಎಂದೇ ಇರುತ್ತದೆ.

ಸಿಟ್ಟು ಏರಿದಾಗ ಬುದ್ಧಿ ಹೇಳಬೇಡಿ, ಕೈಯಿಂದ ಮೊಬೈಲ್ ಕಸಿಯಬೇಡಿ, ತಿರುಗಿ ಹೊಡೆಯಬೇಡಿ. ‘ತಣ್ಣಗಾದ ಮೇಲೆ ಮಾತಾಡೋಣ’ ಎಂದು ಒಂದೇ ಮಾತು ಹೇಳಿ, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಅಡುಗೆಮನೆಯಲ್ಲಿ ನಿಲ್ಲಬೇಡಿ. ಕುಡಗೋಲು, ಕೊಡಲಿ, ಹತ್ತಿ–ತೊಗರಿಗೆ ತಂದ ಕೀಟನಾಶಕ ಯಾವಾಗಲೂ ಕೀಲಿಯೊಳಗಿರಲಿ.

ಮರುದಿನ, ಊಟ ಆದ ಮೇಲೆ, ಒಂದೇ ನಿಯಮ ಹೇಳಿ: ‘ಒಡೆದದ್ದರ ಖರ್ಚು ನಿನ್ನ ಕೈಖರ್ಚಿನಲ್ಲಿ ಕಡಿತ.’ ಹತ್ತು ನಿಯಮ ಹಾಕಿದರೆ ಒಂದೂ ನಡೆಯುವುದಿಲ್ಲ. ಅಪ್ಪ, ಅವ್ವ, ಅಜ್ಜಿ, ಕಾಕಾ ಎಲ್ಲರದೂ ಒಂದೇ ಮಾತಾಗಿರಬೇಕು. ಕೆಡುವುದು ಇಲ್ಲೇ. ಕೂಗಿದರೂ ರೊಕ್ಕ ಸಿಗದಿದ್ದಾಗ ಅವನು ಮೊದಮೊದಲು ಇನ್ನೂ ಜೋರಾಗಿ ಕೂಗುತ್ತಾನೆ. ಅದಕ್ಕೆ ಹೆದರಿ ಅಜ್ಜಿ ಸೆರಗಿನ ಗಂಟು ಬಿಚ್ಚಿದರೆ, ಇನ್ನಷ್ಟು ಜೋರು ಮಾಡಿದರೆ ಸಿಗುತ್ತದೆ ಎಂಬ ಪಾಠ ಗಟ್ಟಿಯಾಗುತ್ತದೆ. ಈ ಏರುವ ದಿನಗಳಿಗೆ ಮೊದಲೇ ತಯಾರಾಗಿ. ಅವನು ಮಾತು ಕೇಳುವ ಸೋದರಮಾವನೋ ಮಾಸ್ತರರೋ ಇದ್ದರೆ ಮನೆಗೆ ಬಂದು ಹೋಗಲು ಹೇಳಿ. ಶಾಂತವಾಗಿ ಕೇಳಿದ ದಿನ ಕೇಳಿದ್ದು ನ್ಯಾಯವಾಗಿದ್ದರೆ ಕೊಡಿ.

ನಿದ್ದೆ ಕೆಟ್ಟಿದ್ದರೆ, ಒಬ್ಬನೇ ಮಾತಾಡುತ್ತಿದ್ದರೆ, ಶಾಲೆ ಬಿಟ್ಟಿದ್ದರೆ, ಗಾಂಜಾ–ಕುಡಿತದ ಸಂಶಯವಿದ್ದರೆ ನಿಯಮವೊಂದೇ ಸಾಲದು. ತಾಯತ ಕಟ್ಟಿಸಿದರೂ ಡಾಕ್ಟರನ್ನು ಬಿಡಬೇಡಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಕೇಳಿ, ನೋಟ್‌ಬುಕ್ ಜೊತೆಗೆ ಒಯ್ಯಿರಿ. ಅವನು ಬರಲೊಲ್ಲೆ ಎಂದರೆ ಮೊದಲು ನೀವೇ ಹೋಗಿ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಕರೆ ಮಾಡಬಹುದು. ಸಾಯುತ್ತೇನೆ ಎಂದರೆ ನಾಟಕವೆನ್ನದೆ, ಒಬ್ಬನನ್ನೇ ಬಿಡದೆ, ಅವತ್ತೇ ಆಸ್ಪತ್ರೆಗೆ ಒಯ್ಯಿರಿ.

ಅವನ ಕೈಗೆ ಕುಡಗೋಲು ಬಂದರೆ ಹೊರಗೆ ಬಂದು ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಕೇಸಾದರೆ ಮಗನ ಬಾಳು ಹಾಳು ಎಂದು ಹಿಂಜರಿಯುವವರೇ ಹೆಚ್ಚು. ಆದರೆ ಹದಿನೆಂಟು ತುಂಬದವರನ್ನು 2015ರ ಬಾಲನ್ಯಾಯ ಕಾಯ್ದೆಯಂತೆ ಲಾಕಪ್ಪಿಗೂ ಜೈಲಿಗೂ ಹಾಕುವಂತಿಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.