ಕಂಡವರು ಯಾರು?

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ನಾನು ಬೆಂಗಳೂರಿನ ಒಂದು ದಿನಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಮಾರನೇ ದಿನವೇ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಅವರನ್ನು ನಮ್ಮ ಊರಲ್ಲೇ ಬಂಧಿಸಿದರು. ಜನರ ಬಾಯಲ್ಲೆಲ್ಲ ಅದೇ ಮಾತು. ಆದರೆ ಯಾರನ್ನು ಹಿಡಿದರು, ಯಾವ ಜೈಲಲ್ಲಿ ಇಟ್ಟರು ಅಂತ ಪತ್ರಿಕೆ ಬರೆಯುವಂತಿರಲಿಲ್ಲ.

ಪ್ರೂಫ್ ಸೆನ್ಸಾರ್ ಅಧಿಕಾರಿಯ ಹತ್ತಿರ ಹೋಗಿ, ಅಡ್ಡಗೀಟು ಹಾಕಿಸಿಕೊಂಡು ವಾಪಸ್ ಬರುತ್ತಿತ್ತು. ದಿಲ್ಲಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಜೂನ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತು. ಆಮೇಲೆ ಖಾಲಿ ಬಿಡುವುದೂ ತಪ್ಪಾಯಿತು. ಹೊಡೆದುಹಾಕಿದ ಸುದ್ದಿಯ ಜಾಗಕ್ಕೆ ಏನಾದರೂ ತುಂಬಲೇಬೇಕು. ಆ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಕೆಲವು ತಿಂಗಳು ಮಾಡಿದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಕೊನೆಗೆ ನಾವು ಮೂವರು ಸೇರಿ ಸೈಕ್ಲೋಸ್ಟೈಲ್ ಹಾಳೆ, ಅಂದರೆ ಸ್ಟೆನ್ಸಿಲ್ ಮೂಲಕ ಮಸಿ ಇಳಿಸಿ ಪ್ರತಿ ತೆಗೆಯುವ ಸುದ್ದಿ ಹಾಳೆ, ಶುರು ಮಾಡಿದೆವು. ಅದಕ್ಕೆ ಹೆಸರಿರಲಿಲ್ಲ, ವಿಳಾಸವೂ ಇರಲಿಲ್ಲ. ಕೈಬರಹವಾದರೆ ಗುರುತು ಸಿಕ್ಕೀತು ಅಂತ ಟೈಪ್ ಮಾಡುತ್ತಿದ್ದೆವು. ರಿಬ್ಬನ್ ತೆಗೆದಿಟ್ಟು, ಮೇಣದ ಸ್ಟೆನ್ಸಿಲ್ ಮೇಲೆ ಬರಿ ಅಚ್ಚಿನಿಂದ ಹೊಡೆಯಬೇಕು. ನಮ್ಮ ಅಕ್ಷರಗಳೋ ಎಲ್ಲ ದುಂಡು ದುಂಡು. ಸ್ವಲ್ಪ ಜೋರಾಗಿ ಹೊಡೆದರೆ ಸೊನ್ನೆಯ ನಡುವಿನ ತುಂಡು ಉದುರಿ, ಹಾಳೆಯ ಮೇಲೆ ಕಪ್ಪು ಬೊಟ್ಟು ಬೀಳುತ್ತಿತ್ತು. ಮೆಲ್ಲಗೆ ಹೊಡೆದರೆ ಅಕ್ಷರವೇ ಮೂಡುತ್ತಿರಲಿಲ್ಲ. ಆ ಹದ ಕೈಗೆ ಬರಲು ಒಂದು ವಾರ ಹಿಡಿಯಿತು. ಒಂದು ಸಲಕ್ಕೆ ಇನ್ನೂರು ಪ್ರತಿ ತೆಗೆಯುತ್ತಿದ್ದೆವು. ಮುಗಿದ ಮೇಲೆ ಬೆರಳಿನ ಮಸಿಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆಯಬೇಕು. ಉಗುರಿನ ಸಂದಿಯ ಮಸಿಯೊಂದೇ ಸಾಕು ಸಿಕ್ಕಿಬೀಳಲು.

ಹಂಚುವುದು ಅಷ್ಟು ಕಷ್ಟವಾಗಲಿಲ್ಲ. ಒಬ್ಬರಿಗೆ ಅವರ ಮುಂದಿನವರು ಮಾತ್ರ ಗೊತ್ತು, ಅಷ್ಟೇ.

ನಿಜವಾಗಿ ಕಷ್ಟವಾದದ್ದು ಸುದ್ದಿಯೇ. ಪತ್ರಿಕೆ ಬಾಯಿ ಮುಚ್ಚಿದರೆ ಗಾಳಿಮಾತು ಹುಟ್ಟುತ್ತೆ ಅಲ್ವಾ? ಸರ್ಕಾರ ಮುಚ್ಚಿಡುತ್ತಿದೆ ಅಂದಮೇಲೆ ಕೇಳಿದ್ದೆಲ್ಲ ನಿಜ ಅನ್ನಿಸತೊಡಗುತ್ತದೆ. ನಮಗೂ ಹಾಗೇ ಆಯಿತು. ಜೈಲಿನಲ್ಲಿದ್ದ ಒಬ್ಬ ಮೇಷ್ಟ್ರು ತೀರಿಕೊಂಡರು ಅಂತ ಯಾರೋ ಹೇಳಿದ್ದನ್ನು ಹಾಕಿಬಿಟ್ಟೆವು. ಹಾಳೆ ಕೈಯಿಂದ ಕೈಗೆ ದಾಟಿ ಅವರ ಹೆಂಡತಿಗೇ ತಲುಪಿತು. ಆ ತಾಯಿ ಅಳುತ್ತಾ ಜೈಲಿನ ಬಾಗಿಲಿಗೆ ಓಡಿದ್ದರು. ಮೇಷ್ಟ್ರಿಗೆ ಕಾಮಾಲೆಯಾಗಿ ಆಸ್ಪತ್ರೆಗೆ ಸಾಗಿಸಿದ್ದರು, ಜೀವಕ್ಕೆ ಏನೂ ಆಗಿರಲಿಲ್ಲ. ಆ ಹೆಂಗಸು ಕಳೆದ ಆ ಒಂದು ದಿನಕ್ಕೆ ನಾವೇ ಕಾರಣ. ಅದರಲ್ಲಿ ಸೆನ್ಸಾರಿನವರ ಕೈವಾಡ ಏನೂ ಇರಲಿಲ್ಲ.

ಮುಂದಿನ ಹಾಳೆಯಲ್ಲಿ ಮೊದಲ ಸಾಲೇ ತಿದ್ದುಪಡಿ. ಹಿಂದಿನದನ್ನು ಹಂಚಿದ ಕೈಗಳಿಂದಲೇ ಅದನ್ನೂ ಕಳಿಸಿದೆವು. ಅಲ್ಲಿಂದಾಚೆಗೆ ಪ್ರತಿ ಸುದ್ದಿಗೂ ಒಂದೇ ಪ್ರಶ್ನೆ: ಕಂಡವರು ಯಾರು? ಭೇಟಿಯ ದಿನ ಜೈಲಿಗೆ ಹೋಗಿಬಂದ ಮನೆಯವರನ್ನು ಕೇಳುತ್ತಿದ್ದೆವು. ಅವರು ಹೇಳಿದ್ದು ಇನ್ನೊಬ್ಬರ ಮಾತಿಗೆ ತಾಳೆಯಾಗದಿದ್ದರೆ ಬಿಟ್ಟೆವು. ಬರೆದುಕೊಂಡ ಚೀಟಿಯನ್ನು ಅಂದೇ ಸುಡುತ್ತಿದ್ದೆವು. ಎಷ್ಟೋ ಸಲ ಒಂದು ಪುಟವೂ ತುಂಬುತ್ತಿರಲಿಲ್ಲ. ಪರವಾಗಿಲ್ಲ, ಅರ್ಧ ಪುಟವೇ ಹೋಗಲಿ ಅಂದುಕೊಂಡೆವು.

ನಟಿ ಸ್ನೇಹಲತಾ ರೆಡ್ಡಿ ಅವರಿಗೆ ಅಸ್ತಮಾ ಇತ್ತು. ತಿಂಗಳುಗಟ್ಟಲೆ ಬೆಂಗಳೂರು ಜೈಲಿನಲ್ಲಿಟ್ಟು, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಊರಲ್ಲಿ ನೂರು ಮಾತು ಓಡಾಡುತ್ತಿತ್ತು. ನಾವು ಖಚಿತವಾಗಿದ್ದಷ್ಟನ್ನೇ ಬರೆದೆವು. ಆರು ಸಾಲು. ಅಷ್ಟು ಬರೆಯಲು ಇಡೀ ರಾತ್ರಿ ಬೇಕಾಯಿತು. ಟೈಪ್ ಮಾಡುವಾಗ ಕಣ್ಣು ಮಂಜಾಗುತ್ತಿತ್ತು.

ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ಮುಗಿಯಿತು. ಬಿಡುಗಡೆಯಾಗಿದ್ದ ಮೇಷ್ಟ್ರು ಒಂದು ಸಂಜೆ ಹೆಂಡತಿಯ ಜೊತೆ ನಮ್ಮನ್ನು ಹುಡುಕಿಕೊಂಡು ಬಂದರು. ನಾನು ಕ್ಷಮೆ ಕೇಳಲು ಎದ್ದು ನಿಂತೆ. ಅವರು ಕೂರಿ ಅಂದರು. ಆಮೇಲೆ ಆ ತಾಯಿ ಕೇಳಿದರು: "ಇವರು ಬದುಕಿದ್ದಾರೆ ಅಂತ ಹಾಕಿದ್ರಲ್ಲ, ಆ ಹಾಳೆ ಇನ್ನೊಂದು ಇದೆಯಾ? ನನ್ನ ಹತ್ರ ಇದ್ದದ್ದು ಮಡಿಚಿ ಮಡಿಚಿ ಹರಿದುಹೋಗಿದೆ."