ಹಳದಿ ಬಟ್ಟೆ ಬಿದ್ದಾಗ ಚೆಂಡು ಎಲ್ಲಿತ್ತು?

ಡೊಂಬಿವಲಿಯ ನಮ್ಮ ಮನೆಯಲ್ಲಿ ಸೋಮವಾರ ಬೆಳಗ್ಗೆ ಚಹಾದ ಜೊತೆ ಅಮೆರಿಕನ್ ಫುಟ್‌ಬಾಲ್. ನನ್ನ ಅಕ್ಕನ ಮಗನದು ಪ್ರತಿ ಸಲ ಅದೇ ರಾಗ: "ಮಾಮಾ, ಹಳದಿ ಬಟ್ಟೆ ಯಾಕ ಒಗದ್ರು?"

ಆ ಬಟ್ಟೆ ಬಿತ್ತೆಂದರೆ ಯಾರೋ ತಪ್ಪು ಮಾಡಿದ್ದಾರೆ ಅಂತ ತೀರ್ಪುಗಾರರ ಸೂಚನೆ. ತಪ್ಪಾದಾಗ ಚೆಂಡು ಎಲ್ಲಿತ್ತು ಅಂತ ಮೊದಲು ನೋಡು ಅನ್ನುತ್ತೇನೆ. ಚೆಂಡು ಗಾಳಿಯಲ್ಲಿದ್ದಾಗ ರಕ್ಷಕ ಕ್ಯಾಚ್ ಹಿಡಿಯುವವನನ್ನು ತಡೆದರೆ ಅದು ಪಾಸ್ ಇಂಟರ್‌ಫಿಯರೆನ್ಸ್. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ತಪ್ಪು ನಡೆದ ಜಾಗಕ್ಕೇ ಚೆಂಡು ಹೋಗುತ್ತದೆ, 40 ಗಜವಾದರೂ! ಅಂಕ ಗಳಿಸುವ ಕೊನೆಯ ಪಟ್ಟಿ, ಅಂದರೆ ಎಂಡ್ ಝೋನ್‌ನಲ್ಲಾದರೆ 1 ಗಜದ ಗೆರೆಗೆ. ಕಾಲೇಜು ಆಟದಲ್ಲಿ 15 ಗಜ ಮೀರುವುದಿಲ್ಲ. ನನಗೆ ಅದೇ ನ್ಯಾಯ ಅನ್ನಿಸುತ್ತದೆ.

ಚೆಂಡು ಇನ್ನೂ ಅದನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೈಯಲ್ಲಿದ್ದರೆ? ಆಗ ಅಂಗಿ ಹಿಡಿದು ಎಳೆದರೆ ಹೋಲ್ಡಿಂಗ್. ಆಟ ಶುರುವಾದ ಗೆರೆಯಿಂದ 5 ಗಜ ದಾಟಿದ ಮೇಲೆ ತಳ್ಳಿದರೆ ಇಲ್ಲೀಗಲ್ ಕಾಂಟ್ಯಾಕ್ಟ್. ಎರಡಕ್ಕೂ ದಂಡ ಬರೀ 5 ಗಜ. ಆದರೆ ಮೋಸಹೋಗಬೇಡಿ, ಜೊತೆಗೆ ಫಸ್ಟ್ ಡೌನ್ (ಹೊಸ ಸರದಿ) ಪುಕ್ಕಟೆ. 18 ಗಜ ಬೇಕಿದ್ದ ತಂಡಕ್ಕೆ 10 ಗಜ ದಾಟಲು ಮತ್ತೆ ನಾಲ್ಕು ಅವಕಾಶ! ನಮ್ಮ ಹುಡುಗ ಇಲ್ಲೇ ಎಡವೋದು.

ಎರಡು ವಿನಾಯಿತಿ ಉಂಟು. ಚೆಂಡಿಗೆ ಯಾರದಾದರೂ ಕೈ ತಗುಲಿದ ಮೇಲೆ ಇಂಟರ್‌ಫಿಯರೆನ್ಸ್ ಇಲ್ಲ. ಹಿಡಿಯಲು ಸಾಧ್ಯವೇ ಇಲ್ಲದ ಎಸೆತಕ್ಕೂ ಇಲ್ಲ. ಈ ಎರಡನೆಯದು ತೀರ್ಪುಗಾರರ ಕಣ್ಣಿಗೆ ಬಿಟ್ಟಿದ್ದು, ಎಲ್‌ಬಿಡಬ್ಲ್ಯೂ ಇದ್ದ ಹಾಗೆ. 2019ರಲ್ಲಿ ಎನ್‌ಎಫ್‌ಎಲ್ ಇಂಟರ್‌ಫಿಯರೆನ್ಸ್ ತೀರ್ಪಿಗೂ ರೀಪ್ಲೇ ಪರಿಶೀಲನೆ ತಂದು, ಒಂದೇ ಸೀಸನ್‌ಗೆ ಕೈಬಿಟ್ಟರು.

ಚೆಂಡು ಗಾಳಿಯಲ್ಲಿದ್ದಾಗ ದಾಳಿಯವನೇ ರಕ್ಷಕನನ್ನು ತಳ್ಳಿದರೆ, ಎನ್‌ಎಫ್‌ಎಲ್‌ನಲ್ಲಿ ಅವನ ತಂಡ 10 ಗಜ ಹಿಂದಕ್ಕೆ.